ಚುಕ್ಕಿ ಇಡದ ಕೈ

ಸಿದ್ದಲಿಂಗೇಶ ಬೈಕ್ ನಿಲ್ಲಿಸಿ ಇಳಿದವನು ಹಾಗೇ ನಿಂತುಬಿಟ್ಟ. ಮುಳಗುಂದದ ಅತ್ತೆಯ ಮನೆ ಬಾಗಿಲು ಎದುರಿಗೇ ಇತ್ತು, ಆದರೆ ಕಾಲಿಡಲು ಜಾಗವಿರಲಿಲ್ಲ.

ಹೊಸ್ತಿಲಿನಿಂದ ಹಿಡಿದು ಅರ್ಧ ಓಣಿಯವರೆಗೆ ರಂಗೋಲಿ. ಹೂವಲ್ಲ, ಬಳ್ಳಿಯಲ್ಲ. ಮಲಗಿದ ಎಮ್ಮೆ, ಅದರ ಬೆನ್ನ ಮೇಲೊಂದು ಕಾಗೆ, ಪಕ್ಕದಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿರುವ ಎದುರುಮನೆ ಅಮೃತವ್ವ. ಎಲ್ಲೂ ಒಂದು ಚುಕ್ಕಿ ಇಟ್ಟಿರಲಿಲ್ಲ. ಎಮ್ಮೆಯ ಬೆನ್ನು ಕೊಂಬಿನಿಂದ ಬಾಲದವರೆಗೆ ಒಂದೇ ಗೆರೆಯಲ್ಲಿ ಹರಿದಿತ್ತು.

"ಎಮ್ಮಿ ತುಳದ್ರೂ ನಡೀತೈತಿ, ಮಾವ. ಅಮೃತವ್ವನ್ನ ತುಳದ್ರ ಆಕಿ ನಿನ್ನ ಬಿಡೂದಿಲ್ಲ."

ಬಾಗಿಲಲ್ಲಿ ಕೂತಿದ್ದವಳು ಶಾಂಭವಿ. ಬೆರಳ ತುದಿ ಬಿಳಿ, ಮೂಗಿನ ತುದಿಯೂ ಬಿಳಿ. ಅವಳ ತಾಯಿ ಶೇಖವ್ವ ಇವನ ಅಪ್ಪನ ತಂಗಿ. ಸೋದರಮಾವನ ಮಗನಾದ್ದರಿಂದ ಅವನಿಗೆ ಹುಡುಗಿಯ ಮೇಲೆ ಹಕ್ಕಿದೆ ಎಂದು ಎರಡೂ ಮನೆಯವರು ಹಬ್ಬಕ್ಕೊಮ್ಮೆ ನಗೆಯಾಡುತ್ತಿದ್ದರು. ಅವನು ಆ ಮಾತನ್ನು ನಗೆಯಾಗಿ ತೆಗೆದುಕೊಂಡಿರಲಿಲ್ಲ, ಅಷ್ಟೇ.

ಎಮ್ಮೆಯನ್ನೂ ತುಳಿಯದೆ, ಅಮೃತವ್ವನನ್ನೂ ತುಳಿಯದೆ ಕುಪ್ಪಳಿಸಿಕೊಂಡು ಒಳಗೆ ಬಂದ. ಅವಳು ಹಿಂದಿನಿಂದ ನಕ್ಕಳು. ಆ ನಗುವಿಗೆ ಅವನ ಕಿವಿ ಕೆಂಪಾಯಿತು.

ಒಳಗೆ ಅವಳ ಭವಿಷ್ಯದ ಪಂಚಾಯಿತಿ ನಡೆದಿತ್ತು. ಶಾಂಭವಿಗೆ ಹತ್ತೊಂಬತ್ತು. ಟೈಫಾಯಿಡ್ ಬಂದು ಒಂದು ವರ್ಷ ಪರೀಕ್ಷೆ ತಪ್ಪಿ, ಈಗ ಪಿಯುಸಿಯಲ್ಲಿ ನೂರಕ್ಕೆ ಐವತ್ತೊಂದು ತೆಗೆದಿದ್ದಳು.

"ನಾಕ ಚುಕ್ಕಿ ನೆಟ್ಟಗ ಇಡಾಕ ಬರೂದಿಲ್ಲ ಇದಕ್ಕ," ಎಂದಳು ಶೇಖವ್ವ. "ಮಂದಿ ಮಾರಿ ಬರಕೋತ ಕುಂಡ್ರತೈತಿ."

ಶಾಂಭವಿಯ ಅಪ್ಪ, ಕಾಳಿನ ವ್ಯಾಪಾರದ ಉಳವಪ್ಪ, ಅಳೆದು ತೂಗಿ ಮಾತಾಡುವ ಮನುಷ್ಯ. "ನೋಡಪಾ ಸಿದ್ದು, ಓದೂದರಾಗ ಅಷ್ಟಕ್ಕಷ್ಟ. ಚಿತ್ರದ ಹುಚ್ಚು ಬ್ಯಾರೆ. ಇಂಥಾಕಿಗೆ ಯಾವ ಕಾಲೇಜು ಅಂತ ನಮಗೇನು ತಿಳೀತೈತಿ? ನೀ ಹೂಂ ಅಂದಲ್ಲಿಗೆ ಕಳಸ್ತೀನಿ, ಎಷ್ಟ ದೂರಾದ್ರೂ. ನೀ ಬ್ಯಾಡ ಅಂದ್ರ ಗದಗಿನಾಗ ಬಿ.ಎ. ಮಾಡಲಿ, ಆಮ್ಯಾಲೆ ಮದುವಿ."

ಸಿದ್ದಲಿಂಗೇಶ ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಓದಿದವನು. ಈಗ ಲಕ್ಷ್ಮೇಶ್ವರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮಕ್ಕಳು ಬರೆದ ಮಾವಿನಕಾಯಿಗಳಿಗೆ ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ ಹಾಕಿ ಅವನ ಕೈ ಪಳಗಿತ್ತು. ಆದರೂ ಮನೆತನದಲ್ಲಿ ಕಲೆಯ ವಿಷಯಕ್ಕೆ ಅವನ ಮಾತೇ ಕೊನೆ.

ರಜೆಯಲ್ಲಿ ಇಬ್ಬರೂ ಕಾಲೇಜು ನೋಡಲು ಹೊರಟರು. ಶಿರಹಟ್ಟಿಯಲ್ಲಿ ಕಾಮರ್ಸಿಗೆ ಬನ್ನಿ ಎಂದರು. ಮುಂಡರಗಿಯ ಫ್ಯಾಷನ್ ಡಿಸೈನ್ ಎಂಬುದು ಒಂದು ಕೋಣೆ, ನಾಲ್ಕು ಹೊಲಿಗೆ ಯಂತ್ರ ಮತ್ತು ಜಂಪರಿನ ಅಳತೆ. ಗದಗಿನ ಒಂದು ಕಾಲೇಜಿನ ಗುಮಾಸ್ತ ಅಂಕಪಟ್ಟಿಯ ಮೇಲೆ ಕಣ್ಣಾಡಿಸಿ, ಇದು ದಿನಾ ನೋಡುವ ಸರಕು ಎಂಬಂತೆ ಬದಿಗಿಟ್ಟ.

"ಹಾಬಿ ಏನವಾ?"

"ಚಿತ್ರಾ ಬರೀತೀನ್ರಿ."

"ಚಲೋ ಆತು. ಗ್ಯಾದರಿಂಗಿಗೆ ಸ್ಟೇಜ್ ಸಿಂಗಾರ ಮಾಡಾಕ ಯಾರೂ ಸಿಗವಲ್ಲರು."

ಹೊರಗೆ ಬರುವಷ್ಟರಲ್ಲಿ ಅವಳು ಪ್ರಾಸ್ಪೆಕ್ಟಸ್ಸಿನ ಹಿಂದೆ ಆ ಗುಮಾಸ್ತನನ್ನು ಬರೆದು ಮುಗಿಸಿದ್ದಳು. ಮೂಗಿನ ಮೇಲಿಂದ ಜಾರುವ ಕನ್ನಡಕ, ಅದರ ಮೇಲಿಂದ ಇಣುಕುವ ಬೇಸರ. ಸಿದ್ದಲಿಂಗೇಶ ನಗಲು ಹೋಗಿ ನಿಂತ. ಎಂಟೇ ಗೆರೆಗಳು. ಇಂಥ ಎಂಟು ಗೆರೆ ಹಾಕಲು ಅವನು ಐದು ವರ್ಷ ರಬ್ಬರು ಸವೆಸಿದ್ದ.

ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಗಿರ್ಮಿಟ್ಟು, ಮಿರ್ಚಿ ಬಂದವು. ಅವಳು ತಿನ್ನುವುದನ್ನು ಬಿಟ್ಟು ಅವನ ಮುಖ ಬರೆಯತೊಡಗಿದಳು.

"ನಿನ್ನ ಕಣ್ಣು ಬರಿಯಾಕ ಆಗವಲ್ಲದು, ಮಾವ."

"ಯಾಕ?"

"ನಾ ನೋಡಿದ ಕೂಡಲೆ ಬ್ಯಾರೆ ಕಡೆ ಹೊಳ್ಳಸ್ತಿ."

"ಹಂಗಾರ ಈಗ ನೋಡು."

ನೋಡಿದಳು. ಮುಂಗುರುಳು ಕಣ್ಣಿಗೆ ಬಿದ್ದರೂ ಸರಿಸಲಿಲ್ಲ. ಅದು ಪ್ರೀತಿಯ ನೋಟವಾಗಿರಲಿಲ್ಲ, ರೆಪ್ಪೆ ಎಲ್ಲಿ ಮುಗಿಯುತ್ತದೆ ಎಂದು ಹುಡುಕುವ ನೋಟ. ಅಷ್ಟಕ್ಕೇ ಅವನು ಸೋತುಹೋದ. ಮೊದಲು ಕಣ್ಣು ತಪ್ಪಿಸಿದವನೂ ಅವನೇ.

ಆ ಸೋಲಿನಲ್ಲೇ ಬಾಯಿಬಿಟ್ಟ. "ಮೈಸೂರಾಗ ನಾ ಕಲಿತ ಕಾಲೇಜು ಐತಿ. ಅಲ್ಲಿ ಪಾಸಾಗಿದ್ರ ಸಾಕು. ಕುಂಡ್ರಿಸಿ ಚಿತ್ರಾ ಬರಸ್ತಾರ, ಕೈ ನೋಡಿ ಸೀಟು ಕೊಡ್ತಾರ."

"ನನ್ನಂಥಾ ಐವತ್ತೊಂದಕ್ಕೂ?"

"ಐವತ್ತೊಂದಕ್ಕೂ."

ಅವಳು ಕಚ್ಚಿದ ಮಿರ್ಚಿಯನ್ನು ತಟ್ಟೆಗೆ ಇಟ್ಟಳು. "ನಾ ಅಲ್ಲಿಗೇ ಹೋಗ್ತೀನಿ, ಮಾವ. ನೀ ಒಂದು ಹೂಂ ಅಂದುಬಿಡು." ಅವಳ ಮುಖ ಅಷ್ಟು ಹೊಳೆದದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಆ ಹೊಳಪು ತನ್ನ ಕಡೆಗಲ್ಲ, ಮೈಸೂರಿನ ಕಡೆಗೆ ಎಂಬುದು ಅವನಿಗೆ ತಕ್ಷಣ ಅರ್ಥವಾಯಿತು. ಹೇಳಬಾರದಿತ್ತು ಅನ್ನಿಸಿತು.

ಮೊದಲು ತಾನೊಬ್ಬನೇ ಹೋಗಿ ಅವಳ ಚಿತ್ರಗಳನ್ನು ತನ್ನ ಹಳೆಯ ಗುರುಗಳಿಗೆ ತೋರಿಸಿ ಬರುವುದೆಂದು ಗೊತ್ತಾಯಿತು. ಅವನು ಕಲಿಯುತ್ತಿದ್ದಾಗ ಆ ಗುರುಗಳು ಅವನ ಚಿತ್ರಗಳನ್ನು ನಿಂತೇ ನೋಡಿ ಮುಂದೆ ಹೋಗುತ್ತಿದ್ದರು. ಈ ಚಿತ್ರಗಳನ್ನು ಕುರ್ಚಿ ಎಳೆದುಕೊಂಡು ಕೂತು ನೋಡಿದರು.

"ಯಾರಪ್ಪ ಈ ಹುಡುಗಿ? ಯಾವಾಗ ಬರ್ತಾಳೆ?"

"ಮಾರ್ಕ್ಸ್ ಕಡಿಮೆ ಸರ್."

"ಪಾಸಾಗಿದ್ದಾಳೆ ತಾನೆ? ಪರೀಕ್ಷೆಗೆ ಕರ್ಕೊಂಡು ಬಾ. ಈ ಕೈಗೆ ಭಯವೇನು?" ಆಮೇಲೆ ಕನ್ನಡಕ ತೆಗೆದು, ಯಾವ ಕೆಟ್ಟ ಮನಸ್ಸೂ ಇಲ್ಲದೆ ನಕ್ಕರು. "ನಿನಗೆ ಐದು ವರ್ಷ ಹೇಳಿಕೊಟ್ಟೆ ನೋಡು. ಈ ಗೆರೆ ನಿನ್ನ ಕೈಗೆ ಬರಲೇ ಇಲ್ಲ."

ಗದಗಿನ ರೈಲಿನಲ್ಲಿ ಅವನ ತೊಡೆಯ ಮೇಲೆ ಆ ಚಿತ್ರಗಳಿದ್ದವು. ಮುಂದೆ ಅವನು ಮಾಡಿದ್ದನ್ನು ಪ್ರೀತಿಯಿಂದ ಮಾಡಿದ ಎಂದರೆ ಅರ್ಧ ಮಾತ್ರ ನಿಜ. ಅವಳು ಹೋದರೆ ತಿರುಗಿ ಬರುವುದಿಲ್ಲ ಎಂಬ ಹೆದರಿಕೆ ಇತ್ತು, ಸರಿ. ಉಳಿದರ್ಧ ಶುದ್ಧ ಹೊಟ್ಟೆಕಿಚ್ಚು. ಎರಡನ್ನೂ ಬೆರೆಸಿ ಕುಡಿದು, ಹುಡುಗಿಯ ಒಳ್ಳೆಯದಕ್ಕೇ ಹೀಗೆ ಎಂದು ತನಗೆ ತಾನೇ ಹೇಳಿಕೊಂಡ. ಮುಳಗುಂದ ಮುಟ್ಟುವ ಹೊತ್ತಿಗೆ ಅದನ್ನು ನಂಬಿಯೂ ಇದ್ದ.

ಅಂದು ಅಂಗಳದಲ್ಲಿ ಅವಳು ರೈಲು ಬರೆದಿದ್ದಳು. ಇಂಜಿನ್ನು ಓಣಿಯ ಕಡೆ, ಕೊನೆಯ ಡಬ್ಬಿ ಹೊಸ್ತಿಲಲ್ಲಿ. ಕಿಟಕಿಯೊಂದರಲ್ಲಿ ಜಡೆಯ ಹುಡುಗಿ.

ಶಾಂಭವಿ ಅವನ ಬೂಟನ್ನು ನೋಡಿದಳು, ಕೈಯಲ್ಲಿದ್ದ ಚಿತ್ರಗಳ ಕಟ್ಟನ್ನು ನೋಡಿದಳು, ಕೊನೆಗೆ ಕಣ್ಣನ್ನು.

"ಅವ್ವನ ಮುಂದ ಹೆಂಗರೆ ಹೇಳು. ನನಗ ಖರೆ ಹೇಳು."

"ಸಾಧಾರಣ ಕೈ ಅಂದ್ರು. ನಮ್ಮ ಊರಿಗೆ ಚಲೋ ಕಾಣತೈತಿ, ಅಲ್ಲಿ ಇಂಥವು ಓಣಿಗೊಂದು ಅದಾವಂತ."

"ಅವರು ಅಂದದ್ದು ಬಿಡು. ನೀ ಏನಂತಿ?"

ಹಿಂದೆ ಸರಿಯಲು ಅದೊಂದು ದಾರಿಯಿತ್ತು. ಅವನು ಈ ಸಲ ಕಣ್ಣು ತಪ್ಪಿಸಲಿಲ್ಲ.

"ನನಗೂ ಹಂಗ ಅನಸ್ತೈತಿ, ಶಾಂಭವಿ."

ಅವಳು ಅಳಲಿಲ್ಲ. ಒಳಗಿನಿಂದ ಕಸಬರಿಗೆ ತಂದು ರೈಲನ್ನು ಬಳಿಯತೊಡಗಿದಳು, ಇಂಜಿನ್ನಿನಿಂದ ಶುರುಮಾಡಿ ಒಂದೊಂದೇ ಡಬ್ಬಿ. ಜಡೆಯ ಹುಡುಗಿಯ ಕಿಟಕಿ ಬಂದಾಗಲೂ ಕೈ ನಿಲ್ಲಲಿಲ್ಲ. ಹೊಸ್ತಿಲವರೆಗೆ ಬಳಿದು ಸೊಂಟ ನೆಟ್ಟಗೆ ಮಾಡಿದಳು.

"ಬ್ಯಾರೆ ಯಾರರೆ ಆಗಿದ್ರ ನನ್ನ ಮಾರಿ ನೋಡಿ ಸುಳ್ಳು ಹೇಳ್ತಿದ್ರು. ನೀ ಹೇಳಲಿಲ್ಲ. ಉಪಕಾರ ಆತು, ಮಾವ."

ಒಳಗೆ ಉಳವಪ್ಪ ಅಳಿಯನ ಮುಖ ನೋಡಿದ. ಸಿದ್ದಲಿಂಗೇಶ ತಲೆಯಾಡಿಸಿದ. "ಬ್ಯಾಡ್ರಿ ಮಾವಾರ. ಗದಗಿನಾಗ ಬಿ.ಎ. ಮಾಡಲಿ." ಶೇಖವ್ವ ನಿಟ್ಟುಸಿರು ಬಿಟ್ಟು ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ಶಾಂಭವಿ ಬಿ.ಎ. ಸೇರಿದಳು. ಅಲ್ಲಿಯೂ ನೂರಕ್ಕೆ ಐವತ್ತರ ಆಚೀಚೆ. ಗ್ಯಾದರಿಂಗಿಗೆ ಸ್ಟೇಜ್ ಸಿಂಗಾರ ಮಾಡು ಎಂದರೆ ನನಗೆ ಬರುವುದಿಲ್ಲ ಎಂದಳಂತೆ. ಸಿದ್ದಲಿಂಗೇಶ ಭಾನುವಾರ ಬಂದು ಹೋಗುತ್ತಿದ್ದ. ಬಿ.ಎ. ಮುಗಿಯಲು ಬಂದ ವರ್ಷ, ಊರಿನ ಹಳೆಯ ಬಸದಿಯ ನೆರಳಲ್ಲಿ ಇಬ್ಬರೂ ಕೂತಿದ್ದಾಗ ಅವಳೇ ಮಾತು ತೆಗೆದಳು.

"ಮನ್ಯಾಗ ನನಗ ಗಂಡು ನೋಡಾಕತ್ಯಾರ."

"ಹೂಂ."

"ಹೂಂ ಅಂದ್ರ? ಊರ ಹುಡುಗ್ಯಾರಿಗೆಲ್ಲಾ ಗೊತ್ತೈತಿ, ನಿನಗೊಬ್ಬಾಂವಗ ಗೊತ್ತಿಲ್ಲ."

"ಏನು?"

"ನಾ ಯಾರ ಮ್ಯಾಲೆ ಜೀವಾ ಇಟ್ಟೀನಿ ಅಂತ." ಅವಳು ಈಗ ಅವನನ್ನು ನೋಡಿದ ರೀತಿಯಲ್ಲಿ ರೆಪ್ಪೆಯ ಅಳತೆ ಇರಲಿಲ್ಲ. ಅವನು ಆಸೆಪಟ್ಟ ನೋಟ ಅದೇ, ಪೂರ್ತಿಯಾಗಿ ಸಿಕ್ಕಿತ್ತು. "ನನಗ ಎಷ್ಟು ನೋವಾಗತೈತಿ ಅಂತ ಗೊತ್ತಿದ್ರೂ ಖರೆ ಹೇಳಿದಾಂವ ನೀ ಒಬ್ಬನ. ಅವತ್ತು ರೈಲು ಬಳಿಯುವಾಗನ ಅನ್ಕೊಂಡೆ, ಇಂಥಾವನ ಜೋಡಿ ಬಾಳೇ ಮಾಡಬೇಕು ಅಂತ."

ಅವನು ಬಾಯಿ ತೆರೆದ. ನಿಜ ನಾಲಿಗೆಯ ತುದಿಗೆ ಬಂದಿತ್ತು. ಅವಳ ಕೈ ಅವನ ಅಂಗೈಗೆ ಬಂತು, ಬೆರಳ ತುದಿಗಳು ಸ್ವಚ್ಛವಾಗಿದ್ದವು.

"ನನಗೂ ನೀ ಅಂದ್ರ ಜೀವ," ಎಂದ. ಅದೂ ನಿಜವೇ.

ಮದುವೆಗೆ ಯಾರದೂ ಅಡ್ಡಿ ಇರಲಿಲ್ಲ. ಹಬ್ಬದ ನಗೆಮಾತು ಖರೆಯಾಯಿತೆಂದು ಹಿರಿಯರು ಹಿಗ್ಗಿದರು. ಅರಿಶಿನ ಹಚ್ಚಿದ ದಿನದಿಂದ ಅವಳು ಅವನಿಗೆ ರೀ ಅನ್ನತೊಡಗಿದಳು. ಅವನು ಮಾತ್ರ ಒಂದು ಬೆಳಗಿಗಾಗಿ ಕಾದಿದ್ದ. ಲಕ್ಷ್ಮೇಶ್ವರದ ತನ್ನ ಮನೆಯ ಅಂಗಳದಲ್ಲಿ ಅವಳು ಏನು ಬರೆಯಬಹುದು? ಎಮ್ಮೆಯೋ, ಓಣಿಯ ಯಾವ ಅಜ್ಜಿಯೋ? ಅವಳನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದೇ ಆ ಗೆರೆಗಾಗಿ ಎಂಬಷ್ಟು ಆಸೆಯಾಗಿತ್ತು ಅವನಿಗೆ.

ಮದುವೆಯ ಗದ್ದಲ ಮುಗಿದು, ನೆಂಟರೆಲ್ಲ ಹೋದ ಮೇಲೆ ಆ ಬೆಳಗು ಬಂತು. ಶಾಲೆಗೆ ಹೊರಟವನು ಬಾಗಿಲಲ್ಲಿ ನಿಂತ. ಶಾಂಭವಿ ಬೆಟಗೇರಿಯ ಸಂತೆಯಿಂದ ತಂದ ತೂತಿನ ಕೊಳವೆಗೆ ರಂಗೋಲಿ ಪುಡಿ ತುಂಬಿ ಹೊಸ್ತಿಲ ಮುಂದೆ ಉರುಳಿಸುತ್ತಿದ್ದಳು. ಚುಕ್ಕಿ, ಬಳ್ಳಿ, ಚುಕ್ಕಿ, ಬಳ್ಳಿ. ಪಕ್ಕದ ಮನೆ ಮುಂದೆಯೂ ಅದೇ ಇತ್ತು.

"ನೆಟ್ಟಗ ಬಂದೈತಿ ಅಲ್ರಿ?"

"ಕೈಲೆ ಬರಿ, ಶಾಂಭವಿ."

"ಬ್ಯಾಡ್ರಿ. ಸುಮ್ಮನ ಅಂಗಳಾ ಹೊಲಸಾಗತೈತಿ."

ಅವನಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. "ಅವತ್ತು ನಾ ಸುಳ್ಳು ಹೇಳಿದೆ. ನಮ್ಮ ಸರ್ ನಿನ್ನ ಕರಕೊಂಡು ಬಾ ಅಂದಿದ್ರು. ಇಂಥಾ ಗೆರಿ ನನಗ ಬರಲೇ ಇಲ್ಲ ಅಂತ ನನ್ನ ಮಾರಿ ಮುಂದನ ಅಂದ್ರು. ನೀ ಹೋಗಿಬಿಡ್ತಿ ಅಂತ ನಾ ತಡದೆ."

ಶಾಂಭವಿ ಕೊಳವೆ ನಿಲ್ಲಿಸಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು, ಖಾನಾವಳಿಯಲ್ಲಿ ನೋಡಿದ ಹಾಗೆ. ಆಮೇಲೆ ಮೆಲ್ಲಗೆ ನಕ್ಕು, ಅವನ ಕೆನ್ನೆಯನ್ನು ಮುಂಗೈಯಿಂದ ಮುಟ್ಟಿದಳು.

"ಗಂಡ ಆದ ಕೂಡಲೆ ನೀವೂ ಹೊಗಳಾಕ ಕಲತ್ರಿ."

"ಹೊಗಳಾಕತ್ತಿಲ್ಲ, ಖರೇನ ಹೇಳಾಕತ್ತೀನಿ."

"ಖರೆ ಹೇಳುವಾಗ ನಿಮ್ಮ ಮಾರಿ ಹೆಂಗಿರತೈತಿ ಅಂತ ನನಗ ಗೊತ್ತೈತ್ರಿ. ಅವತ್ತು ನೋಡೀನಲ್ಲ. ಕಣ್ಣು ಅಳಗಾಡಿರಲಿಲ್ಲ." ಅವಳ ದನಿ ಇನ್ನೂ ಮೆತ್ತಗಾಯಿತು. "ಬಿಡ್ರಿ, ನನಗೀಗ ಏನೂ ಬ್ಯಾಸರಿಲ್ಲ. ಆ ಒಂದು ಮಾತು ನಂಬೇ ನಿಮ್ಮನ್ನ ಮಾಡಿಕೊಂಡೀನಿ. ಅದನ್ನ ಸುಳ್ಳು ಮಾಡಬ್ಯಾಡ್ರಿ."

ಕೊಳವೆ ಮತ್ತೆ ಉರುಳಿತು. ಸಾಲು ಗೋಡೆಯ ಅಂಚಿಗೆ ಮುಟ್ಟಿ ಮುಗಿಯಿತು. ಅವಳು ಕೈ ಒರೆಸಿಕೊಂಡು ಎದ್ದಳು.

"ದಾಟ್ರಿ, ಶಾಲಿಗೆ ಹೊತ್ತಾತು."

ಕಾಲಿಡಲು ಬೇಕಾದಷ್ಟು ಜಾಗವಿತ್ತು. ಅವನು ದಾಟಿ ಹೋದ.