ಲಿಫ್ಟಿನವನ ಹೆಂಡತಿಗೆ ಇನ್ನೂ ಕೋಪ

"ಕೈ ಕೊಡಿ! ಕೆಳಗೆ ನೋಡಬೇಡಿ, ನನ್ನನ್ನೇ ನೋಡಿ!"

ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ ಲಿಫ್ಟಿನ ಬಾಗಿಲು ಒಂದು ಮೊಳದಷ್ಟೇ ತೆರೆದಿತ್ತು. ಆ ಸಂದಿಯಲ್ಲಿ ಒಂದು ಮುಖ, ಗ್ರೀಸ್ ಮೆತ್ತಿದ ಒಂದು ಕೈ.

ಅವಳು ಕಣ್ಣು ಮುಚ್ಚಿ ಕೈ ಕೊಟ್ಟಳು. ಒಂದೇ ಎಳೆತ... ಮೇಲೆ ಬಂದಿದ್ದಳು! ಎದೆ ಮಾತ್ರ ಅಲ್ಲೇ ಕೆಳಗೆ ನೇತಾಡುತ್ತಿದ್ದ ಹಾಗಿತ್ತು.

"ಎಲ್ಲಿಗೆ ಹೊರಟಿದ್ರಿ?"

"ಇಂಗ್ಲಿಷ್ ಕ್ಲಾಸಿಗೆ... ಇವತ್ತೇ ಮೊದಲು."

"ಅರೆ, ನಾನೂ ಅಲ್ಲಿಗೇ! ಲಿಫ್ಟ್ ರಿಪೇರಿ ನನ್ನ ಕೆಲಸ. ಆದ್ರೆ ಈ ಲಿಫ್ಟ್ ನಂದಲ್ಲ, ದೇವರಾಣೆಗೂ!"

ಅವಳಿಗೆ ನಗು ತಡೆಯಲಾಗಲಿಲ್ಲ. ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ, ಹರಿದ ಜಿಪ್ ಬದಲಿಸುತ್ತ ಕೂತವಳನ್ನು ಯಾರೂ ಹೀಗೆ ನಗಿಸಿರಲಿಲ್ಲ.

ನಾಲ್ಕನೇ ಮಹಡಿಯ ಕೋಣೆಯಲ್ಲಿ ಮೇಡಂ ಸೀಮೆಸುಣ್ಣ ಹಿಡಿದು ನಿಂತಿದ್ದರು. ಕ್ಲಾಸು ಶುರುವಾಗಿ ಆಗಲೇ ಒಂದು ವಾರವಾಗಿತ್ತು.

"ಇವತ್ತು ಸ್ಟಿಲ್. ಸ್ಟಿಲ್ ಅಂದ್ರೆ ಇನ್ನೂ. ಶುರುವಾದದ್ದು ಮುಗಿದಿಲ್ಲ ಅಂತ ಹೇಳೋಕೆ ಬೇಕು. ಎಲ್ಲಿ, ಮನೆಯವರ ಬಗ್ಗೆ ಒಬ್ಬೊಬ್ಬರೂ ಒಂದೊಂದು ವಾಕ್ಯ!"

ತಲೆಯೆಲ್ಲ ಬೆಳ್ಳಗಾಗಿದ್ದ ಬಸ್ ಕಂಡಕ್ಟರ್ ಮೊದಲು ಎದ್ದರು. "ಮೈ ಬೇಬಿ ಈಸ್ ಸ್ಟಿಲ್ ಕ್ರೈಯಿಂಗ್!"

ಈ ವಯಸ್ಸಿನಲ್ಲಿ ಮಗುವೇ? ಅವಳು ಕಣ್ಣರಳಿಸಿದಳು. ಇರಲಿ, ಯಾರ ಮನೆಯ ತೊಟ್ಟಿಲು ಯಾರಿಗೆ ಗೊತ್ತು!

ಆಮೇಲೆ ಲಿಫ್ಟಿನವನು ಎದ್ದ. "ಮೈ ವೈಫ್ ಈಸ್ ಸ್ಟಿಲ್ ಆಂಗ್ರಿ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳೊಬ್ಬಳು ನಗಲಿಲ್ಲ.

ಹೆಂಡತಿ...

ಅಷ್ಟರಲ್ಲಿ ಮೇಡಂ ಅವಳತ್ತ ತಿರುಗಿದರು. "ಹೊಸಬಳು ನೀನು. ನಿನ್ನ ಮನೇಲಿ ಯಾರಿದ್ದಾರೋ ಅವರನ್ನೇ ಸೇರಿಸಿ ಹೇಳಮ್ಮ."

ಮನೆಯಲ್ಲಿದ್ದದ್ದು ಸಾಕಿದ ಚಿಕ್ಕಮ್ಮ ಒಬ್ಬರೇ. "ಮೈ ಆಂಟಿ ಈಸ್ ಸ್ಟಿಲ್ ವೇಟಿಂಗ್," ಎಂದು ಕೂತಳು.

ದಿನಗಳು ಹೋದವು, ಗೊಂದಲ ಹೋಗಲಿಲ್ಲ. ಅವನು ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಅವಳಿಗಾಗಿ ಜಾಗ ಹಿಡಿಯುತ್ತಿದ್ದ. ಅವಳಿಗೆ ಲಿಫ್ಟ್ ಎಂದರೆ ಭಯ ಎಂದು, ಲಿಫ್ಟ್ ರಿಪೇರಿಯವನೇ ಅವಳ ಜೊತೆ ನಾಲ್ಕು ಮಹಡಿ ಮೆಟ್ಟಿಲು ಹತ್ತುತ್ತಿದ್ದ!

"ನಿಮ್ಮ ಕಂಪನಿಯವರು ನೋಡಿದ್ರೆ ಕೆಲಸದಿಂದ ತೆಗೀತಾರೆ," ಎಂದರೆ, "ತೆಗೀಲಿ ಬಿಡಿ, ನಿಮ್ಮಂಗಡೀಲಿ ಗುಂಡಿ ಹಾಕ್ಕೊಂಡು ಇರ್ತೀನಿ," ಎನ್ನುತ್ತಿದ್ದ.

ಒಳಗೆ ಹೋದರೆ ಮತ್ತೆ ಆ ಹೆಂಡತಿ. ಒಂದು ದಿನ ಅವಳಿಗೆ ಇನ್ನೂ ನಿದ್ದೆ, ಇನ್ನೊಂದು ದಿನ ಇನ್ನೂ ಹಸಿವು. ಕೋಪವಂತೂ ಇಳಿಯುವುದೇ ಇಲ್ಲ.

ಹೆಂಡತಿ ಇರುವವನು ಹೀಗೆ ನೋಡಬಹುದೇ? ನೋಡಿದರೆ ಕೆಟ್ಟವನು. ಆದರೆ ಕೆಟ್ಟವನ ಕಣ್ಣು ಹೀಗೆ ತಿಳಿಯಾಗಿರುತ್ತದೆಯೇ? ಅಥವಾ ನನ್ನ ಕಣ್ಣಿಗೇ ಮಂಕು ಕವಿದಿದೆಯೇ? ಯೋಚಿಸಿ ಯೋಚಿಸಿ ಒಬ್ಬ ಗಿರಾಕಿಯ ಪ್ಯಾಂಟಿನ ಒಂದೇ ಕಾಲನ್ನು ಎರಡು ಸಲ ಗಿಡ್ಡ ಮಾಡಿಬಿಟ್ಟಳು.

ಒಂದು ದಿನ ಬೆಳಗ್ಗೆ ಚಿಕ್ಕಮ್ಮ ತಟ್ಟೆ ಒರೆಸುತ್ತ ಕೇಳಿದರು. "ನಿನ್ನನ್ನ ಮದುವೆಗೆ ಕೇಳಿರೋ ಆ ಗಡಿಯಾರದಂಗಡಿ ಹುಡುಗ ಒಳ್ಳೆಯವನು ಕಣೆ. ಸಂಜೆ ಫೋನ್ ಮಾಡಿ ಏನಂತ ಹೇಳ್ಲಿ?"

ಅವಳು ಒರೆಸಿದ ತಟ್ಟೆಗಳನ್ನು ಗೂಡಿನಲ್ಲಿ ಜೋಡಿಸಿದಳು. ಪರರ ಗಂಡನಿಗಾಗಿ ಎಷ್ಟು ದಿನ ಹೀಗೆ ಒದ್ದಾಡುವುದು?

"ಹೂಂ ಅಂದುಬಿಡಿ ಚಿಕ್ಕಮ್ಮ."

ಅದೇ ಸಂಜೆ ಎರಡನೇ ಮಹಡಿಯ ತಿರುವಿನಲ್ಲಿ ಲಿಫ್ಟಿನವನು ನಿಂತುಬಿಟ್ಟ.

"ನಿಮ್ಮನೆಗೆ ಬರ್ಲಾ? ನಿಮ್ಮ ಚಿಕ್ಕಮ್ಮನ ಹತ್ರ... ಒಂದು ಮಾತಾಡೋದಿದೆ."

ಅವಳ ಸಹನೆಯ ಕಟ್ಟೆ ಒಡೆಯಿತು. "ಒಬ್ರೇ ಬರ್ತೀರೋ, ಹೆಂಡತೀನೂ ಕರ್ಕೊಂಡು ಬರ್ತೀರೋ?"

"ಯಾವ ಹೆಂಡತಿ?"

"ಅಯ್ಯೋ, ಎಷ್ಟು ಜನ ಇದ್ದಾರೆ?!"

ಕೆಳಗಿನಿಂದ ಏದುಸಿರು ಬಿಡುತ್ತ ಕಂಡಕ್ಟರ್ ಹತ್ತಿ ಬಂದರು. "ಏನ್ರಪ್ಪ, ದಾರಿ ಬಿಡಿ. ಮುಂದೆ ಹೋಗಿ, ಮುಂದೆ ಹೋಗಿ!"

"ಅಣ್ಣಾ, ನೀವೇ ಹೇಳಿ! ಇವರಿಗೆ ಹೆಂಡತಿ ಇಲ್ವಾ? ದಿನಾ ಕೋಪ ಮಾಡ್ಕೊಳ್ಳೋಳು?"

ಕಂಡಕ್ಟರ್ ಮೆಟ್ಟಿಲ ಕಂಬಿ ಹಿಡಿದು ಹೊಟ್ಟೆ ಕುಣಿಯುವಂತೆ ನಕ್ಕರು.

"ಅಯ್ಯೋ ತಾಯಿ! ನನಗೂ ಮಗು ಇದೆ ಅಂದ್ಕೊಂಡ್ಯಾ? ನನಗೆ ಮದುವೇನೇ ಆಗಿಲ್ಲ! ಮೊದಲ ದಿನವೇ ಮೇಡಂ ಎಲ್ಲರಿಗೂ ಪಾಠಕ್ಕೆ ಅಂತ ಒಂದೊಂದು ಸಂಸಾರ ಹಂಚಿದ್ರು. ಮನೇಲಿ ಯಾರೂ ಇಲ್ದೋರು ಯಾರ ಮೇಲೆ ವಾಕ್ಯ ಮಾಡ್ಬೇಕು ಹೇಳು? ನನಗೆ ಮಗು ಬಂತು, ಇವನಿಗೆ ಹೆಂಡತಿ. ನೀನು ತಡವಾಗಿ ಬಂದೆ, ನಿನಗೆ ಹೇಳೋದು ಎಲ್ರೂ ಮರೆತ್ವಿ!"

ಅವರು ನಗುತ್ತಲೇ ಮೇಲೆ ಹೋದರು.

ಅವಳಿಗೆ ಬೆಳಗಿನ ಮಾತು ನೆನಪಾಯಿತು. ಸಂಜೆ ಫೋನ್ ಮಾಡುತ್ತೇನೆಂದಿದ್ದರು ಚಿಕ್ಕಮ್ಮ... ಸಂಜೆಯಾಗಿದೆ! ಚೀಲದಿಂದ ಮೊಬೈಲು ತೆಗೆದು ಒತ್ತಿದಳು.

"ಚಿಕ್ಕಮ್ಮಾ, ಅವರಿಗೆ ಹೇಳಿಬಿಟ್ರಾ?"

"ಇನ್ನೂ ಇಲ್ಲ ಕಣೆ. ಬೆಳಗ್ಗೆ ನೀನು ಹೂಂ ಅಂದದ್ದು ನರಳಿದ ಹಾಗಿತ್ತು. ನೀನೇ ಫೋನ್ ಮಾಡಿ ಇನ್ನೊಂದ್ಸಲ ಹೇಳ್ತೀಯ ಅಂತ ಕಾಯ್ತಾ ಕೂತಿದ್ದೀನಿ."

"ಬೇಡ ಅಂತ ಹೇಳಿ ಚಿಕ್ಕಮ್ಮ... ಮನೆಗೆ ಒಬ್ಬರನ್ನ ಕರ್ಕೊಂಡು ಬರ್ತೀನಿ."

ಮೊಬೈಲು ಚೀಲಕ್ಕೆ ಹಾಕಿ ತಲೆಯೆತ್ತಿದಳು. ಕಣ್ಣು ತುಂಬಿತ್ತು.

"ಇಷ್ಟು ದಿನ ಒಂದು ಮಾತು ಕೇಳಬಾರದಿತ್ತಾ?" ಎಂದ ಅವನು, ಮೆಲ್ಲಗೆ.

"ಹೂಂ, ಹೆಂಡತಿ ಇದ್ದಾಳೆ ಅಂದುಬಿಟ್ರೆ ಅಂತ ಭಯ ಆಯ್ತು."

ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ಚಾಚಿದ, ಲಿಫ್ಟಿನ ಸಂದಿಯಲ್ಲಿ ಅಂದು ಚಾಚಿದ ಹಾಗೆಯೇ.

"ಐ ಸ್ಟಿಲ್ ಹ್ಯಾವ್ ನೋ ವೈಫ್. ಇದು ಪಾಠಕ್ಕಲ್ಲ, ನಿಜ. ವಾಕ್ಯ ಸರಿಯಾಗಿದೆಯಾ?"

"ಸರಿಯಾಗಿದೆ..." ಅವಳು ಅವನ ಕೈಯಲ್ಲಿ ಕೈಯಿಟ್ಟಳು. "ಆದ್ರೆ ಬಹಳ ದಿನ ಅದನ್ನೇ ಹೇಳೋಕೆ ಬಿಡಲ್ಲ ನಾನು."