ನಲವತ್ತರ ಸೇತುವೆ

ಲಾರಿ ನೇರ ನನ್ನ ಮೇಲೆಯೇ ಬರುತ್ತಿತ್ತು.

ಹಾಡಹಗಲು. ಸೇತುವೆ ಬಾಣದಂತೆ ನೆಟ್ಟಗೆ. ಎರಡು ಕಡೆ ಕಂಬಿ, ಕೆಳಗೆ ಹೊಳೆ. ಹಾರಿ ಕಂಬಿಯ ಹೊರಗೆ ಜೋತುಬಿದ್ದೆ... ಲಾರಿಯ ಕನ್ನಡಿ ನನ್ನ ಬೆರಳಿನ ಚರ್ಮ ಸುಲಿದುಕೊಂಡು ಹೋಯಿತು.

ತಮಾಷೆ ಏನು ಗೊತ್ತೇ? ನಾನು ಸತ್ತಿದ್ದರೂ, ಲಾರಿ ಮೆಲ್ಲಗೆ ಬಂತು ಎಂದೇ ದಾಖಲಾಗುತ್ತಿತ್ತು!

ಸೇತುವೆಯ ಎರಡೂ ತುದಿಗೆ ಗೇಟು. ಅಲ್ಲಿ ಮನುಷ್ಯರಿಲ್ಲ, ಮೆಷಿನ್. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ನೋಡಿ, ಸೇತುವೆಯ ಉದ್ದವನ್ನು ನಡುವಿನ ಹೊತ್ತಿನಿಂದ ಭಾಗಿಸುತ್ತದೆ. ವೇಗ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದರೆ ಲೈಸೆನ್ಸ್ ಹೋಯಿತು.

ಮೊನ್ನೆ ಇದೇ ಲಾರಿ, ಸೇತುವೆ ಗುಡಿಸುತ್ತಿದ್ದ ನನ್ನ ಅಕ್ಕನ ಕಾಲಿನ ಮೇಲೆ ಹರಿಯಿತು. ಕಾಲು ತೆಗೆದರು. ಮೆಷಿನ್ ಹೇಳಿದ್ದು ಮೂವತ್ತೆಂಟು. ಅಷ್ಟು ನಿಧಾನದ ಲಾರಿಗೆ ಅಡ್ಡ ಬಂದವಳದ್ದೇ ತಪ್ಪು ಎಂದು ಅವಳ ಕೆಲಸಕ್ಕೂ ಕತ್ತರಿ ಬೀಳುವುದರಲ್ಲಿತ್ತು.

ಕಳವಾದ ಲಾರಿ ಪತ್ತೆಹಚ್ಚುವುದು ನನ್ನ ಕಸುಬು. ಇನ್‌ಸ್ಪೆಕ್ಟರ್ ಮುಂದೆ ತಲೆ ಚಚ್ಚಿಕೊಂಡೆ. ಇಡೀ ಸೇತುವೆಯ ಸರಾಸರಿ ವೇಗ ಬೇರೆ, ಅಕ್ಕನಿಗೆ ಬಡಿದ ಆ ಒಂದು ಗಳಿಗೆಯ ವೇಗ ಬೇರೆ ಎಂದೆ. ಮೆಷಿನ್ ಸುಳ್ಳು ಹೇಳುತ್ತದೆಯೇ ಎಂದ. ಗೋರ್ಕಲ್ಲ ಮೇಲೆ ಮಳೆಗರೆದಂತೆ! ನಿನ್ನೆ ಲಾರಿ ಶೆಡ್ಡಿನಲ್ಲಿ ವಿಚಾರಿಸಿದೆ. ಇವತ್ತು ಲಾರಿಯೇ ನನ್ನನ್ನು ವಿಚಾರಿಸಿಕೊಳ್ಳಲು ಬಂತು.

ಕಂಬಿ ಹತ್ತಿ ಒಳಗೆ ಬಂದೆ. ಓಡಲಿಲ್ಲ. ನಡೆದೆ.

ಲಾರಿ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಬೇಗ ಗೇಟು ದಾಟಿದರೆ ಸಿಕ್ಕಿಬೀಳುತ್ತದೆ. ಆ ದಾರಿಯ ಡ್ರೈವರುಗಳ ರೂಢಿಯೇ ಅದು. ಮೊದಲು ಹಾರಿಸು, ಆಮೇಲೆ ಗೇಟಿನ ಮುಂದೆ ನಿಂತು ಸಿಗರೇಟು ಸೇದು.

ಡ್ರೈವರ್ ಸೇದುತ್ತಿದ್ದ. ಕೈಯಲ್ಲಿ ಸ್ಪ್ಯಾನರ್.

"ನಲವತ್ತರೊಳಗೇ ಬರುತ್ತೆ ಗುರುವೇ. ನೀನು ಏನ್ ಬೇಕಾದ್ರೂ ಬೊಗಳ್ಕೋ."

"ಮೊನ್ನೆ ಏನು ಲೋಡು?"

"ಪೇಂಟು. ಏನೀಗ?"

"ಒಂದು ಡಬ್ಬ ತೂತಾಗಿತ್ತು. ಕೆಳಗೆ ನೋಡ್ಕೋ."

ಅವನ ಬೂಟಿನಡಿ ಬಿಳಿ ಪೇಂಟು ಮಡುಗಟ್ಟಿ ಒಣಗಿತ್ತು. ಅಲ್ಲಿಂದ ಹಿಂದಕ್ಕೆ ಹನಿಗಳ ಸಾಲು.

ಸ್ಪ್ಯಾನರ್ ಬೀಸಿದ. ತಲೆ ತಪ್ಪಿತು, ಭುಜ ತಪ್ಪಲಿಲ್ಲ. ಅಷ್ಟರಲ್ಲಿ, ಆ ಹನಿಗಳನ್ನು ತೋರಿಸಲೆಂದೇ ನಾನು ಬರಹೇಳಿದ್ದ ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದ. ಜನ್ಮದಲ್ಲಿ ಒಮ್ಮೆ ಹೊತ್ತಿಗೆ ಸರಿಯಾಗಿ.

ಡ್ರೈವರನ್ನು ಪೇದೆ ಹಿಡಿದುಕೊಂಡ. ಇನ್‌ಸ್ಪೆಕ್ಟರನ್ನು ಹನಿಗಳ ಜೊತೆಯಲ್ಲೇ ಹಿಂದಕ್ಕೆ ನಡೆಸಿದೆ. ಗೇಟಿನ ಹತ್ತಿರ ಗೇಣಿಗೊಂದು ಹನಿ. ಮುಂದೆ ಮಾರಿಗೊಂದು. ಅಕ್ಕನ ರಕ್ತದ ಕಲೆಯ ಬಳಿ ಎರಡು ಮಾರಿಗೂ ಒಂದಿಲ್ಲ.

"ಡಬ್ಬ ಒಂದೇ ಸಮನೆ ತೊಟ್ಟಿಕ್ಕುತ್ತೆ ಸಾರ್. ಹನಿ ದೂರ ದೂರ ಬಿದ್ದಿದ್ರೆ ಗಾಡಿ ಅಲ್ಲಿ ಅಷ್ಟು ಜೋರಾಗಿತ್ತು ಅಂತ."

ಅವನು ತನ್ನ ಹೆಜ್ಜೆಯಿಂದಲೇ ಅಳೆದ. ಮತ್ತೊಮ್ಮೆ ಅಳೆದ.

"ಗೇಟ್ ಹತ್ರ ಮಡು ಯಾಕೆ?"

"ನಮ್ಮಕ್ಕ ಇಲ್ಲಿ ರಕ್ತ ಸುರಿಸ್ಕೊಂಡು ಬಿದ್ದಿದ್ಳು. ಇವನು ಅಲ್ಲಿ ನಿಂತು ಸರಾಸರಿ ಸರಿಮಾಡ್ಕೊಳ್ತಿದ್ದ."

ಡ್ರೈವರಿಗೆ ಕೋಳ ಬಿತ್ತು. ಅಕ್ಕನ ಕೆಲಸ ಉಳಿಯಿತು, ಕುಳಿತು ಮಾಡುವಂಥದ್ದು. ಮೆಷಿನ್ ಮಾತ್ರ ಹಾಗೆಯೇ ಇದೆ. ಬದಲಿಸಿ ಎಂದರೆ, ಮೇಲಿನವರನ್ನು ಕೇಳಿ ಎನ್ನುತ್ತಾರೆ.

ಈಗ ನನಗೆ ಎರಡು ಕಾಲು, ಅಕ್ಕನಿಗೆ ಒಂದು. ಸರಾಸರಿ ತಲೆಗೆ ಒಂದೂವರೆ... ಆ ಮೆಷಿನ್ನಿನ ಲೆಕ್ಕದಲ್ಲಿ ಇಬ್ಬರೂ ಆರಾಮಾಗಿ ಓಡಾಡಿಕೊಂಡಿದ್ದೇವೆ.