ಮಂಚದ ಕಾಲಿನ ಕೆಳಗೆ

“ಎಳೀಬೇಡ ಕಣೇ, ಎತ್ತು! ಎಳೆದ್ರೆ ಕಾರ್ಪೆಟ್ ಸುಕ್ಕಾಗತ್ತೆ,” ಎಂದಳು ಅಮ್ಮ.

“ಎತ್ತಕ್ಕಾಗ್ತಿಲ್ಲಮ್ಮ! ಇದೇನು ಮಂಚಾನೋ, ಆನೇನೋ?” ಬುಗುರಿ ಹಲ್ಲು ಕಚ್ಚಿಕೊಂಡು ತನ್ನ ಕಡೆಯ ತುದಿಯನ್ನು ಮೇಲೆತ್ತಿದಳು.

ಅವಳ ನಿಜವಾದ ಹೆಸರನ್ನು ಕರೆಯುತ್ತಿದ್ದದ್ದು ಶಾಲೆಯಲ್ಲಿ ಮಾತ್ರ. ನಿಂತಲ್ಲಿ ನಿಲ್ಲುವವಳಲ್ಲವೆಂದು ಉಳಿದವರಿಗೆಲ್ಲ ಅವಳು ಬುಗುರಿ.

ಹೋಟೆಲಿನ ರೂಮ್ ಖಾಲಿ ಮಾಡುವ ಹೊತ್ತಾಗಿತ್ತು. ಬುಗುರಿಯ ಹೇರ್ ಕ್ಲಿಪ್ಪು ಮಂಚದ ಕೆಳಗೆ ಜಾರಿಹೋಗಿತ್ತು. ಅದನ್ನು ಹುಡುಕಲು ಬಗ್ಗಿದ ಅಮ್ಮನಿಗೆ ಕ್ಲಿಪ್ಪಿಗಿಂತ ಮೊದಲು ಧೂಳು ಕಂಡಿತು. ಧೂಳು ಕಂಡ ಮೇಲೆ ಅಮ್ಮನನ್ನು ಹಿಡಿಯುವವರು ಯಾರು? ಊರಲ್ಲಿ ಅವಳು ಕೆಲಸ ಮಾಡುವುದೂ ಒಂದು ಹೋಟೆಲಿನಲ್ಲೇ. ಬೇರೆಯವರು ಮಲಗಿ ಎದ್ದುಹೋದ ರೂಮುಗಳನ್ನು ಗುಡಿಸಿ, ಒರೆಸಿ, ಹಾಸಿಗೆ ಹಾಸುವ ಕೆಲಸ. ಅಂಥ ಹಾಸಿಗೆಯಲ್ಲಿ ತಾನೇ ಮಲಗಿದ್ದು ಇದೇ ಮೊದಲು. ಮಗಳಿಗೆ ಸಮುದ್ರ ತೋರಿಸಬೇಕೆಂದು ಬಂದಿದ್ದಳು.

ನಿನ್ನೆ ಬಾಗಿಲಲ್ಲಿ ಹೋಟೆಲಿನವರು “ಬನ್ನಿ ಮೇಡಂ” ಎಂದು ಕರೆದಾಗ ಅಮ್ಮ ಹಿಂದಕ್ಕೆ ತಿರುಗಿ ನೋಡಿದ್ದಳು. ಯಾವುದೋ ಮೇಡಂ ಬರುತ್ತಿದ್ದಾರೆ ಎಂದುಕೊಂಡು! ಅದನ್ನು ನೆನೆಸಿಕೊಂಡಾಗಲೆಲ್ಲ ಬುಗುರಿಗೆ ನಗು ತಡೆಯಲಾಗುತ್ತಿರಲಿಲ್ಲ.

“ಅಮ್ಮ, ನಾವು ಗೆಸ್ಟು. ಗೆಸ್ಟ್ ಯಾರಾದ್ರೂ ಮಂಚ ಎತ್ತಿ ಕಸ ಹೊಡೀತಾರಾ?”

“ಗೆಸ್ಟ್ ಆದ್ರೆ ಕಣ್ಣಿಗೆ ಬಟ್ಟೆ ಕಟ್ಕೊಂಡಿರ್ಬೇಕಾ? ಇದೊಂದು ಆದ್ರೆ ಹೊರಟ್ವಿ. ಅಡ್ವಾನ್ಸ್ ವಾಪಸ್ ಇಸ್ಕೊಂಡು, ಆ ದುಡ್ಡಲ್ಲಿ ಸೀದಾ ದೋಣಿ ಸವಾರಿ.”

ಬೇರೆ ಕೆಲಸವೆಲ್ಲ ಅಮ್ಮ ಆಗಲೇ ಮುಗಿಸಿದ್ದಳು. ಬಳಸಿದ ಹಾಸು, ಹೊದಿಕೆಗಳನ್ನೆಲ್ಲ ಒಂದೇ ದಿಂಬಿನ ಕವರಿಗೆ ತುರುಕಿ, ಬಾಯಿಗೆ ಗಂಟು ಹಾಕಿ, ಬಾಗಿಲ ಪಕ್ಕ ಇಟ್ಟಿದ್ದಳು. ಒಗೆಯುವವರಿಗೆ ಒಂದೇ ಸಲ ಎತ್ತಿಕೊಂಡು ಹೋಗಲು ಸುಲಭ. ಅವಳ ಕೈಗೆ ಅದು ರೂಢಿ.

ದೋಣಿ ಎಂದದ್ದೇ ತಡ, ಬುಗುರಿಯ ತೋಳಿಗೆ ಎಲ್ಲಿಲ್ಲದ ಬಲ ಬಂತು. ಮಂಚ ಎತ್ತಿಕೊಂಡು ದಡಬಡ ಹಿಂದೆ ಸರಿದಳು. ಬೆನ್ನು ಮೂಲೆಯ ಪುಟ್ಟ ಟೇಬಲ್ಲಿಗೆ ಬಡಿಯಿತು. ಅದರ ಮೇಲಿದ್ದ ದೀಪ ಆ ಕಡೆ ಈ ಕಡೆ ಓಲಾಡಿ, ಗೋಡೆಗೆ ತಾಗಿ, ಕೆಳಗೆ ಬಿತ್ತು. ಠಣ್!

ದೀಪದ ಗಾಜಿನ ಟೋಪಿ ಎರಡು ಹೋಳು.

“ಕಾಲಿಗೆ ಚುಚ್ಚಿತಾ? ಅಲ್ಲೇ ನಿಲ್ಲು, ಅಲುಗಾಡ್ಬೇಡ,” ಎಂದು ಅಮ್ಮ ಓಡಿಬಂದವಳು ನಡುವೆಯೇ ನಿಂತುಬಿಟ್ಟಳು. ಅವಳ ಕಣ್ಣು ನೆಲದ ಮೇಲಿತ್ತು.

ಮಂಚದ ಕಾಲು ಇದ್ದ ಜಾಗದಲ್ಲಿ ಕಾರ್ಪೆಟ್ ಸುಟ್ಟಿತ್ತು. ಇಸ್ತ್ರಿ ಪೆಟ್ಟಿಗೆಯ ಆಕಾರದ ಕಪ್ಪು ಕಲೆ. ಮಂಚವೂ ಮೇಲೆ ಇಳಿಬಿಟ್ಟಿದ್ದ ಬೆಡ್‌ಶೀಟೂ ಅದನ್ನು ಇಷ್ಟು ದಿನ ಮುಚ್ಚಿಟ್ಟಿದ್ದವು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ರೂಮ್ ಕ್ಲೀನ್ ಮಾಡುವ ಆಂಟಿ ಬಕೆಟ್ ಹಿಡಿದು ಒಳಗೆ ಬಂದರು. ಅವರ ಹಿಂದೆಯೇ ಬೀಗದ ಕೈಗಳ ಗೊಂಚಲು ಹಿಡಿದ ಮ್ಯಾನೇಜರ್.

“ಏನದು ಸದ್ದು?” ಎಂದ ಮ್ಯಾನೇಜರ್ ದೀಪ ನೋಡಿದ. ಆಮೇಲೆ ಕಾರ್ಪೆಟ್ ನೋಡಿದ. “ಅಯ್ಯಯ್ಯೋ! ಏನ್ ಮೇಡಂ ಇದು?”

“ದೀಪ ನಾನು ಬೀಳಿಸಿದ್ದು ಅಂಕಲ್,” ಎಂದಳು ಬುಗುರಿ. “ಬೇಕಂತ ಅಲ್ಲ. ಹಿಂದೆ ನೋಡ್ಲಿಲ್ಲ.”

“ಕಾರ್ಪೆಟ್ಟು?”

“ಅದು ನಾವಲ್ಲ.”

“ನಿನ್ನೆ ಸಂಜೆ ಇಸ್ತ್ರಿ ಪೆಟ್ಟಿಗೆ ಕೇಳಿ ಇಸ್ಕೊಂಡೋರು ಯಾರು? ನೀವೇ ತಾನೆ?”

ನಿಜವೇ. ಅಲೆಯಲ್ಲಿ ನೆನೆದ ಬುಗುರಿಯ ಫ್ರಾಕನ್ನು ಅಮ್ಮ ಇಸ್ತ್ರಿ ಮಾಡಿ ಒಣಗಿಸಿದ್ದಳು. ಆದರೆ ಟೇಬಲ್ಲಿನ ಮೇಲೆ, ದಪ್ಪ ಟವಲ್ ಹಾಸಿಕೊಂಡು.

“ನೋಡಿ ಮೇಡಂ, ಸುಟ್ಟಿದ್ದನ್ನ ಮುಚ್ಚೋಕೆ ಮಂಚ ಎಳೀತಿದ್ರಿ, ದೀಪಾನೂ ಹೋಯ್ತು. ಎರಡಕ್ಕೂ ಚಾರ್ಜ್ ಆಗತ್ತೆ. ಅಡ್ವಾನ್ಸ್ ವಾಪಸ್ ಸಿಗಲ್ಲ. ಇನ್ನೂ ಮೇಲೆ ಕಟ್ಬೇಕಾಗಬಹುದು.”

ದೋಣಿ ದೂರ, ದೂರ ಹೋಗಿ ಚುಕ್ಕಿಯಾದಂತೆ ಬುಗುರಿಗೆ ಅನ್ನಿಸಿತು.

“ದೀಪಕ್ಕೆ ಎಷ್ಟಾಗತ್ತೋ ಕೊಡ್ತೀವಿ ಸಾರ್. ಕಾರ್ಪೆಟ್ ನಾವು ಸುಟ್ಟಿಲ್ಲ,” ಎಂದಳು ಅಮ್ಮ.

“ಮತ್ತೆ ಯಾರು ಸುಟ್ಟಿದ್ದು?”

ಅಮ್ಮ ಮಾತಾಡಲಿಲ್ಲ. ತರಕಾರಿ ಅಂಗಡಿಯಲ್ಲಿ ಒಂದು ಬಾಡಿದ ಬೀನ್ಸಿಗೂ ಜಗಳ ತೆಗೆಯುವ ಅಮ್ಮ! ಬುಗುರಿಗೆ ಆಶ್ಚರ್ಯವಾಯಿತು. ಅವಳು ಮತ್ತೊಮ್ಮೆ ಕಲೆಯನ್ನು ದಿಟ್ಟಿಸಿದಳು. ಕಪ್ಪಿನ ನಟ್ಟನಡುವೆ ಗುಂಡಗೆ ಏನೋ ಇತ್ತು. ಅವಳು ಬಾಯಿ ತೆರೆದಳು. ಅಮ್ಮ ಅವಳ ಕೈಯನ್ನು ಮೆಲ್ಲಗೆ ಅದುಮಿದಳು.

ಆದರೆ ಬುಗುರಿ ಬುಗುರಿಯೇ. ತಿರುಗಲು ಶುರುವಾದ ಮೇಲೆ ನಿಂತೀತೇ?

“ಅಂಕಲ್, ಇಲ್ನೋಡಿ! ಸುಟ್ಟಿರೋ ಕಡೆ ಮಧ್ಯದಲ್ಲಿ ಗುಂಡಗೆ ಗುಳಿ ಬಿದ್ದಿದೆ. ಅದು ಮಂಚದ ಕಾಲಿಂದು. ಉಳಿದ ಮೂರು ಕಾಲಿನ ಹತ್ರಾನೂ ಹಂಗೇ ಇದೆ. ನಿನ್ನೆ ಸುಟ್ಟಿದ್ರೆ ಅಷ್ಟು ಆಳ ಬೀಳ್ತಿತ್ತಾ? ಧೂಳೂ ಒಳಗೆ ಕೂತ್ಕೊಂಡಿದೆ!”

ಮ್ಯಾನೇಜರ್ ಮೊಣಕಾಲೂರಿ ಕೂತ. ಗುಳಿಗೆ ಬೆರಳಿಟ್ಟ. ಉಳಿದ ಮೂರು ಗುಳಿಗಳನ್ನೂ ನೋಡಿದ. ಎದ್ದು ನಿಂತಾಗ ಅವನ ದನಿ ಬದಲಾಗಿತ್ತು.

“ಹೌದಲ್ಲ! ಹಾಗಾದ್ರೆ ಇದು ಹಳೇದು. ಯಾರೋ ಬೇಕಂತಲೇ ಇದರ ಮೇಲೆ ಮಂಚ ಇಟ್ಟಿದಾರೆ.” ಅವನು ನಿಧಾನವಾಗಿ ಹಿಂದಕ್ಕೆ ತಿರುಗಿದ. “ಈ ರೂಮ್ ದಿನಾ ಮಾಡೋರು ಯಾರಮ್ಮ? ನೀವೇ ಅಲ್ವಾ?”

ಆಂಟಿಯ ಮುಖ ಬಿಳಿಚಿಕೊಂಡಿತು. ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

ಬುಗುರಿಗೆ ಅದನ್ನು ಎಲ್ಲೋ ನೋಡಿದ ನೆನಪು. ಯಾರೋ ಗೆಸ್ಟ್ ಬ್ಯಾಗಿಗೆ ಹಾಕಿಕೊಂಡು ಹೋದ ಟವಲ್ಲಿಗೆ ಅಮ್ಮನ ಸಂಬಳ ಹಿಡಿದುಕೊಂಡಿದ್ದರು. ಆ ಸಂಜೆ ಅಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಬ್ಯಾಗಿನ ದಾರವನ್ನು ಹೀಗೇ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಊಟಕ್ಕೆ ಕರೆದರೂ ಎದ್ದಿರಲಿಲ್ಲ.

ಅಮ್ಮ ಯಾಕೆ ಕೈ ಅದುಮಿದಳೆಂದು ಆಗ ತಿಳಿಯಿತು. ಆಡಿದ ಮಾತನ್ನು ವಾಪಸ್ ಬಾಯಿಗೆ ಹಾಕಿಕೊಳ್ಳುವಂತಿದ್ದರೆ ಬುಗುರಿ ಹಾಕಿಕೊಂಡುಬಿಡುತ್ತಿದ್ದಳು. ಹೇಳಿದ್ದು ನಿಜವೇ. ಆದರೂ ಅವಳು ಸರಿದು ಆಂಟಿಯ ಪಕ್ಕ ಹೋಗಿ ನಿಂತಳು.

ಈಗ ಅಮ್ಮ ಮುಂದೆ ಬಂದಳು. “ಸಾರ್, ಈ ಮಂಚ ಒಂದ್ಸಲ ಎತ್ತಿ ನೋಡಿ.”

“ನಾನಾ?”

“ಹೂಂ, ಒಬ್ಬರೇ.”

ಮ್ಯಾನೇಜರ್ ಬೀಗದ ಕೈಗಳನ್ನು ಜೇಬಿಗೆ ಹಾಕಿ, ಪಕ್ಕದಿಂದ ಹಿಡಿದು ಇಡೀ ಮಂಚ ಎತ್ತಲು ನೋಡಿದ. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ. ಅವನ ಮುಖ ಮಾತ್ರ ಕೆಂಪಾಯಿತು. ಬುಗುರಿಗೆ ಅಂಥ ಹೊತ್ತಿನಲ್ಲೂ ನಗು ಬಂದು, ಕೆನ್ನೆ ಕಚ್ಚಿಕೊಂಡಳು.

“ಇವರೊಬ್ಬರೇ ಇದನ್ನ ಎತ್ತಿ ಇಟ್ಟಿರೋಕೆ ಆಗಲ್ಲ,” ಎಂದಳು ಅಮ್ಮ. “ಕೇಳೋದಾದ್ರೆ ಇನ್ನೊಂದು ತುದಿ ಹಿಡಿದೋರ್ನೂ ಕೇಳಿ.”

ಆಂಟಿಯ ಕಣ್ಣು ಬಾಗಿಲ ಪಕ್ಕದ ಗಂಟಿನ ಮೇಲೆ ಬಿತ್ತು. ದಿಂಬಿನ ಕವರಿನ ಬಾಯಿಗೆ ಹಾಕಿದ್ದ ಬಿಗಿಯಾದ ಗಂಟು. ಅದನ್ನು ನೋಡಿದರು, ಅಮ್ಮನನ್ನು ನೋಡಿದರು. ಸುತ್ತಿದ್ದ ಏಪ್ರನ್ ಅಂಚನ್ನು ಬಿಟ್ಟುಬಿಟ್ಟರು.

“ಇನ್ನೊಂದು ತುದಿ ಹಳೇ ಮ್ಯಾನೇಜರ್ ಹಿಡಿದಿದ್ದು ಸಾರ್. ನೀವಿನ್ನೂ ಬಂದಿರ್ಲಿಲ್ಲ. ಯಾರೋ ಗೆಸ್ಟ್ ನೆಲದ ಮೇಲೆ ಇಸ್ತ್ರಿ ಮಾಡಿ ಸುಟ್ಟು, ಹೇಳ್ದೇನೇ ಹೊರಟುಹೋದ್ರು. ನಾನು ಅವತ್ತೇ ಹೋಗಿ ಮ್ಯಾನೇಜರಿಗೆ ಹೇಳ್ದೆ. ಹೊಸಾ ಕಾರ್ಪೆಟ್ ಆಮೇಲೆ ನೋಡೋಣ, ಸದ್ಯಕ್ಕೆ ಮಂಚ ಸರಿಸಿಬಿಡೋಣ ಅಂತ ಅವರೇ ಬಂದು ಕೈ ಹಾಕಿದ್ರು. ಬೇಕಾದ್ರೆ ಫೋನ್ ಮಾಡಿ.”

ಮ್ಯಾನೇಜರ್ ಫೋನ್ ಮಾಡೇಬಿಟ್ಟ. ಆ ಕಡೆಯವರ ಗಂಟಲು ಎಷ್ಟು ದೊಡ್ಡದೆಂದರೆ ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ.

“ಅಯ್ಯೋ, ಆ ಮಂಚಾನಾ! ಅವತ್ತು ಹಿಡ್ಕೊಂಡ ಸೊಂಟ ಇನ್ನೂ ಬಿಟ್ಟಿಲ್ಲ ಮಾರಾಯ! ಪಾಪ, ಆಯಮ್ಮಂದೇನೂ ತಪ್ಪಿಲ್ಲ. ನಿನಗೆ ಹೇಳೋದೇ ಮರ್ತುಬಿಟ್ಟೆ.”

ಫೋನ್ ಇಟ್ಟ ಮ್ಯಾನೇಜರ್ ಕಿವಿ ಕೆರೆದುಕೊಂಡ. “ಸಾರಿ ಮೇಡಂ. ವಿಚಾರಿಸದೇನೇ ಅಂದುಬಿಟ್ಟೆ.” ಆಮೇಲೆ ಆಂಟಿಯ ಕಡೆ ತಿರುಗಿದ. “ನಿಮಗೂ ಸಾರಿ ಅಮ್ಮ.”

“ಈಗ ಈ ಕಲೆ ಏನ್ ಮಾಡ್ತೀರಾ ಅಂಕಲ್?” ಎಂದಳು ಬುಗುರಿ.

ಮ್ಯಾನೇಜರ್ ಕಾರ್ಪೆಟ್ ನೋಡಿದ, ಮಂಚ ನೋಡಿದ. “ಸದ್ಯಕ್ಕೆ… ಇದ್ದ ಜಾಗಕ್ಕೇ ಇಡೋಣ್ವಾ?”

ಎಲ್ಲರೂ ಗೊಳ್ಳೆಂದು ನಕ್ಕರು. ಅಮ್ಮ ಮಾತ್ರ ಮೊದಲು ಪೊರಕೆ ತಂದು ಧೂಳು ಗುಡಿಸಿದಳು. ಅದಾದ ಮೇಲೆ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಎತ್ತಿದರು. ನಾಲ್ಕು ಜನರ ಕೈಗೆ ಆನೆ ಬೆಕ್ಕಿನಷ್ಟು ಹಗುರಾಯಿತು. ಕಳೆದುಹೋದ ಕ್ಲಿಪ್ಪೂ ಸಿಕ್ಕಿತು.

ದೀಪದ ಗಾಜಿನ ಬೆಲೆ ಹಿಡಿದುಕೊಂಡು ಉಳಿದ ಅಡ್ವಾನ್ಸನ್ನು ಮ್ಯಾನೇಜರ್ ವಾಪಸ್ ಕೊಟ್ಟ. ಊರಿನ ಬಸ್ಸಿಗೆ ಅದು ಸಾಕಾಗಿತ್ತು, ದೋಣಿಗೆ ಸಾಲುತ್ತಿರಲಿಲ್ಲ. ಅಮ್ಮ ಬುಗುರಿಯ ಮುಖ ನೋಡಿದಳು.

“ಬಿಡಮ್ಮ, ದೋಣಿ ಎಲ್ಲಿಗೆ ಹೋಗತ್ತೆ? ನೀರಲ್ಲೇ ಇರತ್ತೆ,” ಎಂದಳು ಬುಗುರಿ. “ಬಸ್ ಬರೋವರೆಗೂ ದಡದಲ್ಲಿ ಕೂತು ನೋಡೋಣ. ನೋಡೋಕೆ ಚಾರ್ಜಿಲ್ಲ.”

ಮೆಟ್ಟಿಲ ಬಳಿ ಆಂಟಿ ಕಾದು ನಿಂತಿದ್ದರು. ದಿಂಬಿನ ಕವರಿನ ಗಂಟು ಅವರ ಕಂಕುಳಲ್ಲಿತ್ತು.

“ಈ ಗಂಟು ನೋಡಿದ್ಮೇಲೆ ಗೊತ್ತಾಯ್ತು,” ಎಂದರು ಸಣ್ಣ ದನಿಯಲ್ಲಿ. “ನೀವೂ ರೂಮ್ ಮಾಡ್ತೀರಾ?”

“ಹೂಂ. ನಿನ್ನೆ, ಇವತ್ತು ಎರಡು ದಿನ ರಜ. ನಾಳೆಯಿಂದ ಮತ್ತೆ ಅದೇ.”

“ರಜದಲ್ಲೂ ಕೈ ಸುಮ್ನಿರಲ್ಲ ನೋಡಿ!” ಆಂಟಿ ನಕ್ಕರು. “ಹೋಗಿ ಬನ್ನಿ ಅಕ್ಕಾ.”

ಬುಗುರಿ ತಟ್ಟನೆ ಅಮ್ಮನ ಮುಖ ನೋಡಿದಳು. ಈ ಸಲ ಅಮ್ಮ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಲಿಲ್ಲ. “ಬರ್ತೀನಿ ಕಣಮ್ಮ,” ಎಂದಳು. ಅವಳ ಕಣ್ಣು ಮಿಂಚುತ್ತಿತ್ತು.

ಹೊರಗೆ ಸಮುದ್ರದ ಗಾಳಿ ಬೀಸುತ್ತಿತ್ತು. ಅಮ್ಮ ದೊಡ್ಡ ಬ್ಯಾಗಿನ ಒಂದು ಹಿಡಿಕೆಗೆ ಕೈ ಹಾಕಿದಳು. ಇನ್ನೊಂದನ್ನು ಬುಗುರಿ ಹಿಡಿದುಕೊಂಡಳು. ಎಳೆಯಬೇಡವೆಂದು ಯಾರಾದರೂ ಹೇಳುವ ಮೊದಲೇ ಎತ್ತಿದಳು.